ಅರಗಿನ ಆಯುಷ್ಯ: ಚೌಡಾಪುರ ಪರಿಸರದ ಜನಪದ ತಂತ್ರಜ್ಞಾನದಲ್ಲಿ ಕಾದು ಗಟ್ಟಿಯಾಗುವ ವಸ್ತುಗಳು

ಕರ್ನಾಟಕದ ಜಾನಪದ ಅಧ್ಯಯನವು ಮೌಖಿಕ ಸಾಹಿತ್ಯಕ್ಕೆ ಸಲ್ಲಿಸಿದಷ್ಟು ಗಮನವನ್ನು ಭೌತಿಕ ಸಂಸ್ಕೃತಿಗೆ ಸಲ್ಲಿಸಿಲ್ಲವೆಂಬುದು ಹಳೆಯ ಮಾತು. ಅಮೆರಿಕದ ವಿದ್ವಾಂಸ ರಿಚರ್ಡ್ ಡಾರ್ಸನ್ 1972ರಲ್ಲಿ ಜಾನಪದವನ್ನು ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ, ಪ್ರದರ್ಶನ ಕಲೆ ಎಂದು ನಾಲ್ಕಾಗಿ ವಿಂಗಡಿಸಿದನು. ಆ ಚೌಕಟ್ಟು ನಮ್ಮ ಪಠ್ಯಕ್ರಮಗಳಲ್ಲಿಯೂ ನೆಲೆಗೊಂಡಿತು. ಮೈಸೂರಿನ ಜಯಲಕ್ಷ್ಮೀವಿಲಾಸದಲ್ಲಿ ರೂಪುಗೊಂಡ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಮೊದಲಾದವು ಅಳಿದುಹೋಗುತ್ತಿದ್ದ ಅಸಂಖ್ಯ ವಸ್ತುಗಳನ್ನು ಉಳಿಸಿಕೊಟ್ಟವು. ಆದರೆ ನಮ್ಮ ವಸ್ತುವಿವರಣೆ ಬಹುಮಟ್ಟಿಗೆ ಹೆಸರು, ಆಕಾರ, ಅಳತೆ, ಬಳಕೆ ಇಷ್ಟಕ್ಕೇ ನಿಲ್ಲುತ್ತದೆ. 'ಯಾವುದರಿಂದ ಮಾಡಿದ್ದು' ಎಂಬ ಅಂಕಣದಲ್ಲಿ ಮರ, ಕಬ್ಬಿಣ, ಮಣ್ಣು, ಅರಗು ಎಂದು ಒಂದೇ ಪದ ಬರೆದು ಮುಂದೆ ಸಾಗುತ್ತೇವೆ. ಪ್ರಸ್ತುತ ಲೇಖನವು ಆ ಒಂದು ಅಂಕಣವನ್ನು ಕುರಿತದ್ದು. ಅದನ್ನು ಬರೆಯುವ ಪ್ರೇರಣೆ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ಅಫಜಲಪುರ ತಾಲ್ಲೂಕಿನ ಚೌಡಾಪುರದ ಸುತ್ತ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ಅಕ್ಕಸಾಲಿಗರ ಮನೆಯೊಂದರಿಂದ ಒಂದು ಅರಗಿನ ಮಣೆ ನನ್ನ ಸಂಗ್ರಹಕ್ಕೆ ಬಂದಿತು. ಒಡವೆಯ ತಗಡನ್ನು ಕೂರಿಸಿ ಚಿತ್ತಾರ ಕೆತ್ತಲು ಬಳಸುವ, ಕರಿಯ ಗಟ್ಟಿಯೊಂದು ಅಂಟಿಕೊಂಡಿದ್ದ ಮರದ ಹಲಗೆ ಅದು. ಅದರಿಂದ ಕಡಲೆಯಷ್ಟು ಚೂರು ಕಿತ್ತು ದೀಪದ ಉರಿಗೆ ಹಿಡಿದೆ. ಅರಗಾಗಿದ್ದರೆ ಕರಗಿ ತೊಟ್ಟಿಕ್ಕಬೇಕಿತ್ತು. ಅದು ಕರಗಲಿಲ್ಲ, ಉಬ್ಬಿ ಕರಿದಾಯಿತು. ಇನ್ನೊಂದು ಚೂರನ್ನು ಸ್ಪಿರಿಟ್‌ನಲ್ಲಿ ಎರಡು ದಿನ ನೆನೆಹಾಕಿದೆ. ಅಲ್ಲಿಯೂ ಕರಗಲಿಲ್ಲ, ತುಸು ಉಬ್ಬಿತು ಅಷ್ಟೆ. ಎರಡೂ ಪರೀಕ್ಷೆಯಲ್ಲಿ ಸೋತ ವಸ್ತು ಅರಗಾಗಿರಲಾರದೆಂದು ತೀರ್ಮಾನಿಸಿ ಚೀಟಿಯ ಮೇಲೆ 'ಅರಗಲ್ಲ. ಕಲಬೆರಕೆ ರಾಳ' ಎಂದು ಬರೆದೆ. ಕೆಲವು ವರ್ಷಗಳ ಅನಂತರ ಆ ಮಣೆ ಒಂದು ಪ್ರದರ್ಶನದಲ್ಲಿ ಆ ಚೀಟಿಯ ಸಮೇತ ಜನರ ಮುಂದೆ ಬಂದಾಗ, ಅದನ್ನು ಕೊಟ್ಟ ಮನೆಯ ಮೊಮ್ಮಗನೇ ಓದಿದ. 'ನಮ್ಮಜ್ಜ ಕಲಬೆರಕಿ ಮಾಡಾಂವ ಅಲ್ರೀ ಸರ' ಎಂದಷ್ಟೇ ಹೇಳಿ ಹೊರಟುಹೋದ.

ಅಕ್ಕಸಾಲಿಗನ ಪ್ರಾಮಾಣಿಕತೆಯನ್ನು ಶಂಕಿಸುವ ಗಾದೆಗಳು ಕನ್ನಡದಲ್ಲಿ ಧಾರಾಳವಾಗಿವೆ. ಅವನ್ನು ಸಂಗ್ರಹಿಸಿದವರಲ್ಲಿ ನಾನೂ ಒಬ್ಬ. ಪೊಳ್ಳು ಒಡವೆಯೊಳಗೆ ತುಂಬುವ ಅರಗಿನ ತೂಕವೇ ಆ ಶಂಕೆಯ ಒಂದು ಮೂಲವಾಗಿರುವಾಗ, ಅರಗಿನ ವಿಷಯದಲ್ಲಿಯೇ ಕಲಬೆರಕೆ ಎಂಬ ಮಾತು ಆ ಮನೆತನಕ್ಕೆ ಎಂಥ ಆರೋಪವೆಂಬುದನ್ನು ವಿವರಿಸಬೇಕಿಲ್ಲ. ಮಣೆಯನ್ನು ಮತ್ತೆ ತೆಗೆದು ಪರೀಕ್ಷಿಸಬೇಕಾಯಿತು. ಅದರ ಫಲವನ್ನು ಹೇಳುವ ಮೊದಲು ಕಾದು ಗಟ್ಟಿಯಾಗುವ ವಸ್ತುಗಳೆಂದರೇನು, ಅವನ್ನು ಗಡುಸುಗೊಳಿಸುವುದೆಂದರೇನು, ಒಮ್ಮೆ ಗಟ್ಟಿಯಾದ ಮೇಲೆ ಅವುಗಳ ಮರುಬಳಕೆ ಏಕೆ ಕಷ್ಟವೆಂಬುದನ್ನು ನೋಡಬೇಕು.

ಶಾಖಕ್ಕೆ ಒಳಗಾದ ವಸ್ತುಗಳ ವರ್ತನೆಯಲ್ಲಿ ಎರಡು ಬಗೆಗಳಿವೆ. ಬೆಲ್ಲ ಕಾಸಿದರೆ ಕರಗುತ್ತದೆ, ಆರಿದರೆ ಹೆಪ್ಪುಗಟ್ಟುತ್ತದೆ, ಮತ್ತೆ ಕಾಸಿದರೆ ಮತ್ತೆ ಕರಗುತ್ತದೆ. ರೊಟ್ಟಿಯ ನ್ಯಾಯ ಬೇರೆ. ಹಂಚಿನ ಮೇಲೆ ಬೆಂದ ಜೋಳದ ರೊಟ್ಟಿಯನ್ನು ಇನ್ನೊಮ್ಮೆ ಹಂಚಿಗೆ ಹಾಕಿದರೆ ಅದು ಹಿಟ್ಟಾಗುವುದಿಲ್ಲ. ಕಟಕಾಗುತ್ತದೆ, ಇನ್ನೂ ಬಿಟ್ಟರೆ ಸುಟ್ಟು ಕರಿದಾಗುತ್ತದೆ. ಪಾಲಿಮರ್‌ಗಳಲ್ಲಿಯೂ ಇವೇ ಎರಡು ಕುಲಗಳು. ಪಾಲಿಮರ್ ಎಂದರೆ ಚಿಕ್ಕ ಅಣುಗಳು ಕೊಂಡಿಗೆ ಕೊಂಡಿ ಸೇರಿ ಆದ ಅತಿ ಉದ್ದದ ಸರಪಳಿ. ಕೊಡ, ಚೀಲ, ಬಕೆಟ್‌ಗಳ ಪ್ಲಾಸ್ಟಿಕ್‌ನಲ್ಲಿ ಈ ಸರಪಳಿಗಳು ಒಂದರ ಪಕ್ಕದಲ್ಲೊಂದು ಬಿಡಿಬಿಡಿಯಾಗಿ ಇರುತ್ತವೆ. ಶಾಖ ತಗುಲಿದಾಗ ಜಾರುತ್ತವೆ, ಆದ್ದರಿಂದ ವಸ್ತು ಕರಗುತ್ತದೆ. ಇದು ಥರ್ಮೋಪ್ಲಾಸ್ಟಿಕ್. ಇನ್ನೊಂದು ಕುಲದಲ್ಲಿ ಸರಪಳಿಗಳ ನಡುವೆಯೇ ಅಡ್ಡಬಂಧಗಳು ಬೆಸೆದುಕೊಂಡು ಇಡೀ ವಸ್ತು ಒಂದೇ ಬಲೆಯಾಗಿಬಿಡುತ್ತದೆ. ಬಲೆಯ ಎಳೆ ಎಲ್ಲಿಗೂ ಜಾರಲಾರದು. ಶಾಖ ಹೆಚ್ಚಿದರೆ ಕರಗುವ ಬದಲು ಒಡೆದು ಸುಡುತ್ತದೆ. ಇದು ಥರ್ಮೋಸೆಟ್. ವಿದ್ಯುತ್ ಸ್ವಿಚ್ಚಿನ ಬೇಕಲೈಟ್, ಮೆಲಮೈನ್ ತಟ್ಟೆ, ದೋಣಿಗೂ ನೀರಿನ ತೊಟ್ಟಿಗೂ ಬಳಸುವ ಗಾಜಿನೆಳೆಯ ಪಾಲಿಯೆಸ್ಟರ್, ಅಂಟಿನ ಎಪಾಕ್ಸಿ, ಬಂಡಿಯ ಟೈರು, ಇವೆಲ್ಲ ಈ ಕುಲಕ್ಕೆ ಸೇರಿದವು.

ಇವು ಹೊಸ ವಸ್ತುಗಳು, ಜಾನಪದಕ್ಕೆ ಹೊರಗಿನವು ಎಂಬ ಭಾವನೆ ಸಾಮಾನ್ಯ. ಈ ಭಾವನೆ ಸರಿಯಲ್ಲವೆಂಬುದಕ್ಕೆ ಅರಗೇ ಮೊದಲ ಸಾಕ್ಷಿ.

ಅರಗು ಮರದ ಅಂಟಲ್ಲ. ಮುತ್ತುಗ, ಬಾರೆ, ಅರಳಿ ಮುಂತಾದ ಮರಗಳ ಎಳೆಗೊಂಬೆಯ ಮೇಲೆ ನೆಲೆಸಿ ರಸ ಹೀರುವ ಸಣ್ಣ ಕೀಟವೊಂದು ತನ್ನ ರಕ್ಷಣೆಗೆ ಸುರಿಸುವ ರಾಳ. ಅದು ಜಾರ್ಖಂಡ, ಛತ್ತೀಸಗಢ ಮುಂತಾದ ಕಡೆಗಳಲ್ಲಿ ಹೇರಳವಾಗಿ ಬೆಳೆಯುತ್ತದೆ. ಅದರ ಸಂಶೋಧನೆಗೆಂದು 1924ರಲ್ಲಿಯೇ ರಾಂಚಿಯ ಬಳಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕಥೆಯಿಂದಾಗಿ ಅರಗೆಂದರೆ ಕ್ಷಣದಲ್ಲಿ ಕರಗಿ ಹೊತ್ತಿಕೊಳ್ಳುವ ವಸ್ತುವೆಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದೆ. ಅದು ಅರ್ಧ ಸತ್ಯ ಮಾತ್ರ. ಅರಗು ಸುಮಾರು 65ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಮೆತ್ತಗಾಗಿ ಹರಿಯತೊಡಗುತ್ತದೆ. ಆದರೆ ಅದನ್ನು ಹೆಚ್ಚಿನ ಶಾಖದಲ್ಲಿ ಹೆಚ್ಚು ಹೊತ್ತು ಇಟ್ಟರೆ, ಅಥವಾ ಮತ್ತೆ ಮತ್ತೆ ಕಾಸಿದರೆ, ಅದರೊಳಗಿನ ಆಮ್ಲ ಗುಂಪುಗಳೂ ಹೈಡ್ರಾಕ್ಸಿಲ್ ಗುಂಪುಗಳೂ ಪರಸ್ಪರ ಕೂಡಿ ಎಸ್ಟರ್ ಬಂಧಗಳಾಗುತ್ತವೆ, ನೀರು ಹೊರಬೀಳುತ್ತದೆ, ಬಲೆ ಬೆಳೆಯುತ್ತದೆ. ಅರಗು ಮೊದಲು ರಬ್ಬರಿನಂತೆ ಜಿಗುಟಾಗಿ ಕೊನೆಗೆ ಕರಗದ ಗಟ್ಟಿಯಾಗುತ್ತದೆ. ಅಂದರೆ ಅರಗು ಹುಟ್ಟಿನಿಂದ ಬೆಲ್ಲದ ಜಾತಿ, ಕಾಲಾಂತರದಲ್ಲಿ ರೊಟ್ಟಿಯ ಜಾತಿ.

ಅರಗಿನ ಉದ್ಯಮದಲ್ಲಿ ಈ ಗುಣಕ್ಕೆ ಒಂದು ಅಳತೆಯೇ ಇದೆ. 150 ಡಿಗ್ರಿ ಶಾಖದಲ್ಲಿ ಇಟ್ಟ ಅರಗು ಎಷ್ಟು ನಿಮಿಷಗಳ ತರುವಾಯ ಹರಿಯುವುದನ್ನು ನಿಲ್ಲಿಸುತ್ತದೆಂದು ನೋಡಿ ಅದನ್ನು 'ಶಾಖದಲ್ಲಿನ ಆಯುಷ್ಯ' ಎನ್ನುತ್ತಾರೆ. ಕುಶಲಕರ್ಮಿಗಳ ಮಾತಿಗೂ ಈ ಪರಿಭಾಷೆಗೂ ಇರುವ ಹತ್ತಿರ ಗಮನಾರ್ಹ. ನಾನು ಕಂಡ ವೃದ್ಧ ಅಕ್ಕಸಾಲಿಗರೊಬ್ಬರು ಹಳೆಯ ಗಟ್ಟಿಯನ್ನು ತೋರಿಸಿ 'ಇದರಾಗ ಜೀವ ಹೋಗೇದ' ಎಂದಿದ್ದರು. ನಾನು ಅದನ್ನು ಅಲಂಕಾರವೆಂದು ಬಗೆದು ಬರೆದುಕೊಂಡಿದ್ದೆ. ಅದು ವಸ್ತುಸ್ಥಿತಿಯ ವರದಿಯಾಗಿತ್ತು.

ಈಗ ಗಡುಸಿನ ಪ್ರಶ್ನೆ. ಗಟ್ಟಿ ಮತ್ತು ಗಡುಸು ಎರಡೂ ಒಂದೇ ಅಲ್ಲ. ಶುದ್ಧ ಅರಗು ಆರಿದಾಗ ಗಟ್ಟಿಯೇನೋ ಹೌದು, ಆದರೆ ಪೆಟ್ಟು ಬಿದ್ದರೆ ಗಾಜಿನಂತೆ ಸಿಡಿಯುತ್ತದೆ. ಗಾಜಿನಂಥ ವಸ್ತುವಿನಲ್ಲಿ ಒಂದು ಕೂದಲೆಳೆಯಷ್ಟು ಬಿರುಕು ಹುಟ್ಟಿದರೆ ಅದರ ಮೊನೆಯಲ್ಲಿ ಒತ್ತಡವೆಲ್ಲ ಕೇಂದ್ರೀಕೃತವಾಗಿ ಬಿರುಕು ತಡೆಯಿಲ್ಲದೆ ಓಡುತ್ತದೆ. ಥರ್ಮೋಸೆಟ್‌ಗಳ ಹುಟ್ಟುದೋಷವೇ ಇದು. ಸರಪಳಿಗಳು ಜಾರಿ ಪೆಟ್ಟನ್ನು ನುಂಗಲಾರವಾದ್ದರಿಂದ, ಬಲೆ ಬಿಗಿಯಾದಷ್ಟೂ ವಸ್ತು ಬೆಡಸಾಗುತ್ತದೆ. ಇದಕ್ಕೆ ಪರಿಹಾರ ಬಿರುಕಿನ ದಾರಿಗೆ ಅಡ್ಡ ಹಾಕುವುದು. ಗಟ್ಟಿ ಕಣಗಳನ್ನು ಬೆರೆಸಿದರೆ ಬಿರುಕು ಅವನ್ನು ಸುತ್ತಿ ಬಳಸಿ ಹೋಗಬೇಕಾಗುತ್ತದೆ. ನಾರು ಬೆರೆಸಿದರೆ ಬಿರುಕಿನ ಎರಡು ದಡಗಳನ್ನು ನಾರು ಹಿಡಿದು ನಿಲ್ಲಿಸುತ್ತದೆ. ಮೆದು ಕಣಗಳನ್ನು ಬೆರೆಸಿದರೆ ಅವು ಹಿಗ್ಗಿ ಪೆಟ್ಟನ್ನು ನುಂಗುತ್ತವೆ. ಎಪಾಕ್ಸಿಗೆ ದ್ರವ ರಬ್ಬರು ಬೆರೆಸಿ, ಅದು ಗಟ್ಟಿಯಾಗುವಾಗ ಒಳಗೆ ಸೂಕ್ಷ್ಮ ರಬ್ಬರಿನ ಗೋಳಗಳಾಗಿ ಬೇರ್ಪಡುವಂತೆ ಮಾಡುವುದು ಇಂದಿನ ಉದ್ಯಮದ ಮುಖ್ಯ ಉಪಾಯಗಳಲ್ಲೊಂದು. ಇದಕ್ಕೆ ಬೆಲೆ ತೆರಬೇಕಾಗುತ್ತದೆಂಬುದನ್ನೂ ಹೇಳಬೇಕು: ಮೆದು ಕಣ ಹೆಚ್ಚಾದರೆ ಬಿಗುವು ಕುಗ್ಗುತ್ತದೆ, ಗಟ್ಟಿ ಪುಡಿ ಹೆಚ್ಚಾದರೆ ಅಂಟು ಸಾಲದೆ ಪುಡಿಪುಡಿಯಾಗುತ್ತದೆ.

ಅಕ್ಕಸಾಲಿಗನ ಮಣೆಯ ಅರಗನ್ನು ಈ ಬೆಳಕಿನಲ್ಲಿ ನೋಡಬೇಕು. ಅದು ಎಂದೂ ಶುದ್ಧ ಅರಗಲ್ಲ. ಅರಗು ಅಥವಾ ರಾಳ, ಜರಡಿ ಹಿಡಿದ ಇಟ್ಟಿಗೆಯ ಪುಡಿ, ಸ್ವಲ್ಪ ಎಣ್ಣೆ, ಈ ಮೂರರ ಪಾಕವದು. ತಗಡಿನ ಮೇಲೆ ಉಳಿಯ ಪೆಟ್ಟು ಬಿದ್ದಾಗ ಕೆಳಗಿನ ಆಧಾರ ಜಗ್ಗಬೇಕು, ಆದರೆ ಸಿಡಿಯಬಾರದು. ಇಟ್ಟಿಗೆಯ ಪುಡಿ ಮೈಗೆ ಬಲ ಕೊಡುತ್ತದೆ, ಎಣ್ಣೆ ಜಗ್ಗುವ ಗುಣ ಕೊಡುತ್ತದೆ. ಬೇಸಗೆಯಲ್ಲಿ ಪಾಕ ಮೆದುವಾದರೆ ಪುಡಿ ಹೆಚ್ಚಿಸುತ್ತಾರೆ, ಚಳಿಗಾಲದಲ್ಲಿ ಬೆಡಸಾದರೆ ಎಣ್ಣೆ ಹೆಚ್ಚಿಸುತ್ತಾರೆ. ಕಲಬುರಗಿಯ ಬೇಸಗೆಯ ಬಿಸಿಲನ್ನು ಬಲ್ಲವರಿಗೆ ಈ ಹೊಂದಾಣಿಕೆಯ ಅಗತ್ಯ ತಾನಾಗಿ ತಿಳಿಯುತ್ತದೆ. ನಾನು 'ಕಲಬೆರಕೆ' ಎಂದು ಬರೆದದ್ದು ವಾಸ್ತವವಾಗಿ ಬೆರಕೆಯೇ. ಆದರೆ ಮೋಸದ ಬೆರಕೆಯಲ್ಲ, ವಸ್ತುವಿನ ಗುಣಕ್ಕೆ ಬೇಕಾದ ಬೆರಕೆ. ಒಂದೇ ಪದದಲ್ಲಿ ಎರಡನ್ನೂ ಹೇಳುವ ನಮ್ಮ ಭಾಷೆಯ ಅಭ್ಯಾಸವೂ ನನ್ನ ತಪ್ಪಿಗೆ ನೆರವಾಯಿತು.

ಚಾಕು, ಕುಡುಗೋಲುಗಳ ಹಿಡಿ ಕೂರಿಸುವಲ್ಲಿಯೂ ಇದೇ ಪಾಕವುಂಟು. ಹಿಡಿಯ ತೂತಿನಲ್ಲಿ ಅರಗಿನ ಪುಡಿ ತುಂಬಿ, ಅಲಗಿನ ಬಾಲವನ್ನು ಕಾಸಿ ಒತ್ತಿದರೆ ಅರಗು ಕರಗಿ ಸಂದುಗಳಿಗೆ ಹರಿದು ಕಚ್ಚಿಕೊಳ್ಳುತ್ತದೆ. ಹಿಡಿ ಸಡಿಲವಾದರೆ ಮತ್ತೆ ಕಾಸಿ ಕೂರಿಸಬಹುದು. ಎರಡು ಮೂರು ಬಾರಿ ಹೀಗೆ ನಡೆದ ಮೇಲೆ ಹಳೆಯ ಅರಗು ಹಿಡಿಯುವುದಿಲ್ಲ. ಅದನ್ನು ಕೊರೆದು ತೆಗೆದು, ಕುಟ್ಟಿ, ಹೊಸ ಅರಗಿನೊಂದಿಗೆ ಬೆರೆಸಿ ತುಂಬುತ್ತಾರೆ. ಕರಗದ ಅರಗು ಇಲ್ಲಿ ಅಂಟಾಗಿ ಅಲ್ಲ, ಇಟ್ಟಿಗೆಯ ಪುಡಿಯ ಸ್ಥಾನದಲ್ಲಿ ಬಳಕೆಯಾಗುತ್ತದೆಂಬುದನ್ನು ಲಕ್ಷಿಸಬೇಕು. ಥರ್ಮೋಸೆಟ್ ತ್ಯಾಜ್ಯದ ಮರುಬಳಕೆಯಲ್ಲಿ ಇಂದಿಗೂ ಹೆಚ್ಚು ನಡೆಯುವ ವಿಧಾನ ಇದೇ: ಗಟ್ಟಿಯಾದದ್ದನ್ನು ಅರೆದು ಹೊಸ ರಾಳಕ್ಕೆ ಪೂರಕವಾಗಿ ಸೇರಿಸುವುದು.

ಇದೇ ತರ್ಕ ಕುಂಬಾರನಲ್ಲಿಯೂ ಗಾರೆಯವನಲ್ಲಿಯೂ ಕಾಣುತ್ತದೆ. ಸುಟ್ಟ ಮಡಕೆ ಮತ್ತೆ ಮಣ್ಣಾಗದು. ಆದರೂ ಇಟ್ಟಿಗೆ, ಹೆಂಚುಗಳ ಚೂರನ್ನು ಅರೆದು ಸುಣ್ಣದೊಂದಿಗೆ ಬೆರೆಸಿದ ಸುರ್ಕಿಗಾರೆ ನಮ್ಮ ಹಳೆಯ ಕಟ್ಟಡಗಳನ್ನು ಹಿಡಿದು ನಿಲ್ಲಿಸಿದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿ 'ಕಿಟ್ಟ' ಮಾಡುತ್ತಾರೆ. ಹಗುರ ಮರದ ಗೊಂಬೆಯ ಕೀಲುಗಳನ್ನು ಮುಚ್ಚುವುದು ಈ ನಾರಿನ ಮಿಶ್ರಣವೇ. ಹುಣಸೆಬೀಜದ ಅಂಟು ಥರ್ಮೋಸೆಟ್ ಅಲ್ಲ, ನೀರಿಗೆ ಮೆದುವಾಗುತ್ತದೆ. ಆದರೆ ನಾರಿನಿಂದ ಬಿರುಕು ತಡೆಯುವ ಉಪಾಯ ಗಾಜಿನೆಳೆಯ ದೋಣಿಯದ್ದೇ. ಬೀದರಿನ ಬಿದ್ರಿ ಕೆಲಸದಲ್ಲಿ ಅಚ್ಚಿನ ಮಣ್ಣಿಗೆ ಹರಳೆಣ್ಣೆಯನ್ನೂ ರಾಳವನ್ನೂ ಬೆರೆಸುತ್ತಾರೆ. ಚನ್ನಪಟ್ಟಣದ ಕೆಲಸ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ತಿಕ್ಕಾಟದ ಶಾಖವೊಂದೇ ಅದನ್ನು ಕರಗಿಸಿ ಲೇಪಿಸುತ್ತದೆ, ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಶಾಖ ಕ್ಷಣಿಕವಾದ್ದರಿಂದ ಅರಗು ಬಲಿಯುವುದಿಲ್ಲ, ಆಯುಷ್ಯ ಖರ್ಚಾಗುವುದಿಲ್ಲ. ಬೆಂಕಿಯಲ್ಲಿ ಕಾಸುವ ಅಕ್ಕಸಾಲಿಗನಿಗೂ ತಿಕ್ಕಿ ಕರಗಿಸುವ ಚನ್ನಪಟ್ಟಣದವನಿಗೂ ವಸ್ತು ಒಂದೇ, ಗತಿ ಬೇರೆ. ವಸ್ತುಸಂಗ್ರಹಾಲಯದಲ್ಲಿ ಎರಡಕ್ಕೂ 'ಅರಗು' ಎಂದು ಚೀಟಿ ಅಂಟಿಸಿದರೆ ಈ ವ್ಯತ್ಯಾಸ ಅಳಿದುಹೋಗುತ್ತದೆ.

ಕಾದಾಗಲಲ್ಲದೆ ಗಾಳಿಯಿಂದ ಬಲಿಯುವವೂ ಇವೆ. ಈ ಸೀಮೆಯ ಅಗಸಿ ಎಣ್ಣೆಯನ್ನು ಮರಕ್ಕೆ ಹಚ್ಚಿದರೆ ಅದು ಆರುವುದಲ್ಲ, ಗಾಳಿಯ ಆಮ್ಲಜನಕದಿಂದ ಅಡ್ಡಬಂಧಗಳಾಗಿ ಬಲಿಯುವುದು. ಆದ್ದರಿಂದಲೇ ಹಳೆಯ ಎಣ್ಣೆಯ ಪದರ ಮತ್ತೆ ಎಣ್ಣೆಯಲ್ಲಿ ಕರಗದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರಿನ ರಸ, ಕರಾವಳಿಯಲ್ಲಿ ದೋಣಿಯ ಹಲಗೆಗೆ ಬಳಿಯುವ ಗೋಡಂಬಿ ಸಿಪ್ಪೆಯ ಎಣ್ಣೆ, ಇವು ಉದ್ದನೆಯ ಬಾಲವುಳ್ಳ ಫಿನಾಲ್‌ಗಳು. ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ತಯಾರಾದ ರಾಳವನ್ನು ವಾಹನಗಳ ಬ್ರೇಕಿನ ಪಟ್ಟಿಗಳಲ್ಲಿ ಬಳಸುತ್ತಾರೆ. ಆ ಬಾಲವೇ ಫಿನಾಲಿನ ಬೆಡಸುತನವನ್ನು ತಗ್ಗಿಸುತ್ತದೆ. ಇವುಗಳ ಬಗೆಗೆ ಪ್ರತ್ಯೇಕ ಅಧ್ಯಯನವೇ ಆಗಬೇಕು.

ಅರಗಿನಿಂದ ಕಾರ್ಖಾನೆಯ ಥರ್ಮೋಸೆಟ್‌ಗೆ ಇರುವ ದಾರಿ ನೇರವಾದದ್ದು. 19ನೆಯ ಶತಮಾನದ ಕೊನೆಯಿಂದ ಗ್ರಾಮಫೋನ್ ತಟ್ಟೆಗಳನ್ನು ಅರಗಿನಿಂದ ಒತ್ತತೊಡಗಿದರು. ಅಲ್ಲಿಯೂ ಅರಗು ಒಂದು ಪಾಲು ಮಾತ್ರ. ಉಳಿದದ್ದು ಕಲ್ಲಿನ ಪುಡಿ, ಹತ್ತಿಯ ನಾರಿನ ಚೂರು, ಮಸಿ. ಅಕ್ಕಸಾಲಿಗನ ಪಾಕಕ್ಕೂ ಇದಕ್ಕೂ ಸೂತ್ರ ಒಂದೇ. ಗ್ರಾಮಫೋನ್ ಕಂಪನಿ 1908ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆ ತೆರೆದ ಮೇಲೆ ಭಾರತದ ಭಾಷೆಗಳ ಹಾಡುಗಳು ಇಲ್ಲಿಯೇ ಅಚ್ಚಾದವು. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಕೊರತೆಯುಂಟಾದಾಗ, 1942ರಿಂದ ಅಮೆರಿಕದಲ್ಲಿ ಹಳೆಯ ತಟ್ಟೆಗಳನ್ನು ಹಿಂದಿರುಗಿ ಪಡೆದು ಅರೆದು ಹೊಸ ತಟ್ಟೆಗಳಿಗೆ ಬೆರೆಸಿದರು. ಎಷ್ಟೋ ಧ್ವನಿಗಳು ಹಾಗೆ ಪುಡಿಯಾಗಿ ಬೇರೆ ಧ್ವನಿಗಳ ಮೈಯಾದವು. ಒಬ್ಬ ಜಾನಪದ ಸಂಗ್ರಾಹಕನಿಗೆ ಇದಕ್ಕಿಂತ ಕಸಿವಿಸಿ ಉಂಟುಮಾಡುವ ಮರುಬಳಕೆ ಇನ್ನೊಂದಿಲ್ಲ.

ವಿದ್ಯುತ್ತಿನ ಯುಗದಲ್ಲಿ ಅರಗಿಗೆ ಬೇಡಿಕೆ ಏರಿ ಬೆಲೆ ಏರಿದಾಗ, ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲ್ಯಾಂಡ್ ಅಮೆರಿಕದಲ್ಲಿ ಅದಕ್ಕೆ ಬದಲಿ ಹುಡುಕತೊಡಗಿದನು. 1907ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಒತ್ತಡದಲ್ಲಿ ಕಾಸಿ ಅವನು ಪಡೆದದ್ದೇ ಬೇಕಲೈಟ್. ಅದನ್ನು ಹಾಗೆಯೇ ಬಳಸಿದರೆ ಸಿಡಿಯುತ್ತದೆ; ಮರದ ಹಿಟ್ಟು ಬೆರೆಸಿದ ಮೇಲೆಯೇ ಅದು ಸ್ವಿಚ್ಚು, ಹಿಡಿ, ಟೆಲಿಫೋನುಗಳಾಗಿ ಮನೆ ಸೇರಿತು. ಇಂದು ನಮ್ಮ ಅಡುಗೆ ಮನೆಯ ಕುಕ್ಕರಿನ ಕರಿಯ ಹಿಡಿ ಅದೇ ವಂಶದ್ದು.

ರಬ್ಬರಿನ ಕಥೆಯನ್ನು ಚೌಡಾಪುರದ ರಸ್ತೆಯ ಮೇಲೆ ನಿಂತೇ ಹೇಳಬಹುದು. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವವರಲ್ಲಿ ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಹೊರಟವರು ಇಲ್ಲಿ ತಿರುಗುತ್ತಾರೆ. ಭೀಮಾ ಮತ್ತು ಅಮರಜಾ ನದಿಗಳ ಸಂಗಮಕ್ಕೆ ಹುಣ್ಣಿಮೆಗೂ ದತ್ತ ಜಯಂತಿಗೂ ಮಹಾರಾಷ್ಟ್ರ, ತೆಲಂಗಾಣಗಳಿಂದ ಬರುವ ವಾಹನಗಳ ದಟ್ಟಣೆಯೊಂದಿಗೆ ಪಂಕ್ಚರ್ ಅಂಗಡಿಗಳೂ ಬಂದವು. ಹರಿದ ಟ್ಯೂಬಿನ ಮೇಲೆ ಬಲಿಯದ ರಬ್ಬರಿನ ತುಂಡನ್ನಿಟ್ಟು, ಬಿಸಿ ಮಾಡಿದ ಕಬ್ಬಿಣದ ಒತ್ತಿನಲ್ಲಿ ಬಿಗಿದು, ಕೆಲವು ನಿಮಿಷ ಕಾಯುವ ದೃಶ್ಯ ಅಲ್ಲಿ ಸಾಮಾನ್ಯ. ಅಂಟಂಟಾಗಿ ಹಾಕಿದ್ದು ಹೊರಬರುವಾಗ ಟ್ಯೂಬಿನ ಮೈಯೊಂದಿಗೆ ಒಂದಾಗಿ ಬಲಿತಿರುತ್ತದೆ. ರಬ್ಬರಿನ ಸರಪಳಿಗಳ ನಡುವೆ ಗಂಧಕದ ಸೇತುವೆಗಳನ್ನು ಕಟ್ಟುವ ಈ ಕ್ರಿಯೆಯನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದನು. ಬೆಂಕಿಯ ರೋಮನ್ ದೇವತೆ ವಲ್ಕನ್ನನ ಹೆಸರು ಅದಕ್ಕೆ ಬಂದಿತು. ಅಂಗಡಿಯ ಹಲಗೆಯ ಮೇಲಿನ 'ವಲ್ಕನೈಸಿಂಗ್' ಎಂಬ ಪದದಲ್ಲಿ ದೂರದ ಪುರಾಣವೊಂದು ದತ್ತಕ್ಷೇತ್ರದ ದಾರಿಯಲ್ಲಿ ಕುಳಿತಿರುವುದು ನನಗೆ ಸದಾ ಸೋಜಿಗ. ಟೈರಿನ ರಬ್ಬರಿಗೆ ಗಡುಸು ಬರುವುದು ಮಸಿಯಿಂದ. ಇಂಗಾಲದ ನುಣ್ಣನೆಯ ಕರಿಪುಡಿ ಬೆರೆಸದಿದ್ದರೆ ಟೈರು ಬೇಗ ಸವೆದುಹೋಗುತ್ತದೆ.

ಸವೆದ ಟೈರು ಕರಗದು. ಆದ್ದರಿಂದ ಜನ ಅದನ್ನು ಕರಗಿಸಲು ಹೋಗದೆ ಕತ್ತರಿಸಿ ಬಳಸಿದರು. ಬಂಡಿಯಿಂದ ಬಿದ್ದ ಟೈರು ಅಟ್ಟೆಯಾಗಿ ಚಪ್ಪಲಿಗೆ ಬಂದಿತು. ಹೊಲಗೆಲಸಕ್ಕೆ ಟೈರಿನ ಚಪ್ಪಲಿಯಷ್ಟು ಬಾಳುವುದು ಇನ್ನೊಂದಿಲ್ಲವೆಂಬುದು ರೈತರ ಅನುಭವ. ಟ್ಯೂಬಿನ ಪಟ್ಟಿ ಸಾಮಾನು ಕಟ್ಟುವ ಹಗ್ಗವಾಯಿತು, ಹಕ್ಕಿ ಹೊಡೆಯುವ ಹುಡುಗರ ಬಿಲ್ಲಿಗೆ ನಾರಿಯಾಯಿತು. ಗಾಳಿ ತುಂಬಿದ ಟ್ಯೂಬು ನೀರಿನಲ್ಲಿ ಈಜು ಕಲಿಯುವವರ ಕುಂಬಳಬುರುಡೆಯ ಸ್ಥಾನ ಹಿಡಿಯಿತು. ಸೈಕಲ್ಲಿನ ಟೈರು ಕೋಲಿನಿಂದ ಓಡಿಸುವ ಆಟದ ಗಾಲಿಯಾಯಿತು. ಚರ್ಮದ ವಸ್ತುಗಳ ಸ್ಥಾನವನ್ನು ರಬ್ಬರು ಹಿಡಿದ ಈ ಪಲ್ಲಟ ಚರ್ಮದ ಕುಶಲಕರ್ಮಿಗಳ ಬದುಕಿನ ಮೇಲೆ ಮಾಡಿದ ಪರಿಣಾಮ ನಮ್ಮ ಅಧ್ಯಯನಗಳಲ್ಲಿ ಇನ್ನೂ ಸರಿಯಾಗಿ ದಾಖಲಾಗಿಲ್ಲ. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಉತ್ತಮ ಮರುಬಳಕೆ. ಬಲೆಯನ್ನು ಒಡೆಯಲು ಶಕ್ತಿ ವ್ಯಯಿಸದೆ, ಬಲೆಯ ಬಲವನ್ನೇ ಬಳಸಿಕೊಳ್ಳುತ್ತದೆ.

ಆದರೆ ಇನ್ನೊಂದು ಮುಖವೂ ಇದೆ. ಕಾಮದಹನದ ಬೆಂಕಿಗೆ ಕದ್ದ ಕಟ್ಟಿಗೆ, ಕುಳ್ಳು ಸೇರಿಸುವ ಸಂಪ್ರದಾಯದೊಳಗೆ ಹಳೆಯ ಟೈರು ನುಸುಳಿದೆ. ಚಳಿಗೆ ಮೈ ಕಾಸಿಕೊಳ್ಳಲೂ ಅದನ್ನು ಸುಡುವುದುಂಟು. ಟೈರಿನ ಕರಿಹೊಗೆಯಲ್ಲಿ ಗಂಧಕದ ಡೈಆಕ್ಸೈಡೂ ಕ್ಯಾನ್ಸರ್‌ಕಾರಕ ಹೈಡ್ರೊಕಾರ್ಬನ್‌ಗಳೂ ಇರುತ್ತವೆ. ಆಚರಣೆಯನ್ನು ವರ್ಣಿಸುವಾಗ 'ಹಳೆಯ ಸಾಮಾನುಗಳನ್ನು ಸುಡುತ್ತಾರೆ' ಎಂದು ಬರೆದು ಬಿಡುವುದು ಸಾಲದು. ಏನು ಸುಟ್ಟರೆಂಬುದನ್ನು ಬರೆಯಬೇಕು. ಕುಳ್ಳಿನ ಬೂದಿಯನ್ನು ಹಣೆಗೆ ಹಚ್ಚಿಕೊಳ್ಳುವ ಆಚರಣೆ ಟೈರಿನ ಬೂದಿಗೆ ಹೊಂದುವುದಿಲ್ಲ.

ಈ ಪ್ರದೇಶದಲ್ಲಿ 'ಭಂಗಾರ' ಎನ್ನುವ ಗುಜರಿ ವ್ಯಾಪಾರದಲ್ಲಿಯೂ ಎರಡು ಕುಲಗಳ ಭೇದ ನಿತ್ಯವ್ಯವಹಾರದ ಮಾತು. ಒಡೆದ ಕೊಡಕ್ಕೆ ಬೆಲೆಯುಂಟು, ಒಡೆದ ಮೆಲಮೈನ್ ತಟ್ಟೆಗಿಲ್ಲ. ಬೇಕಲೈಟಿನ ಸ್ವಿಚ್ಚನ್ನು ಒಡೆದು ಒಳಗಿನ ಹಿತ್ತಾಳೆಯನ್ನು ತೆಗೆದುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಹೀಗೆ ಎಸೆದದ್ದಕ್ಕೆ ಗತಿಯೇನು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಥರ್ಮೋಸೆಟ್ ತ್ಯಾಜ್ಯದ ವಿಲೇವಾರಿಗೆ ಮಾರ್ಗಸೂಚಿ ಹೊರಡಿಸಿ ಸಿಮೆಂಟ್ ಗೂಡುಗಳಲ್ಲಿ ಸಹಸಂಸ್ಕರಣೆಯನ್ನು ಒಂದು ಮಾರ್ಗವಾಗಿ ಸೂಚಿಸಿತು. ಸುಮಾರು 1450 ಡಿಗ್ರಿಯ ಆ ಗೂಡಿನಲ್ಲಿ ರಾಳ ಇಂಧನವಾಗಿ ಉರಿಯುತ್ತದೆ, ಗಾಜಿನೆಳೆಯ ಸಿಲಿಕ ಸಿಮೆಂಟಿನ ಮೈಗೇ ಸೇರುತ್ತದೆ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳಿರುವ ಕಲಬುರಗಿ ಜಿಲ್ಲೆಯ ಓದುಗರಿಗೆ ಇದು ಪರಿಚಿತ ಬೆಂಕಿ. ಹೆಂಚಿನ ಚೂರು ಸುರ್ಕಿಯಾಗಿ ಗಾರೆ ಸೇರಿದ ಹಳೆಯ ಕ್ರಮ ಇಲ್ಲಿ ಬೇರೊಂದು ಪ್ರಮಾಣದಲ್ಲಿ ನಡೆಯುತ್ತದೆ. ಟೈರುಗಳ ವಿಷಯದಲ್ಲಿ 2022ರ ನಿಯಮ ತಿದ್ದುಪಡಿಯಿಂದ ಉತ್ಪಾದಕರ ಮೇಲೆಯೇ ಮರುಬಳಕೆಯ ಹೊಣೆ ಬಿದ್ದಿತು. ಟೈರಿನ ಪುಡಿಯನ್ನು ಡಾಂಬರಿಗೆ ಬೆರೆಸಿ ರಸ್ತೆ ಹಾಕುವ ಕ್ರಮ ಅದಕ್ಕಿಂತ ಹಳೆಯದು. ಕಣವೊಂದು ಬಿರುಕನ್ನು ತಡೆಯುತ್ತದೆಂಬ ಅದೇ ನ್ಯಾಯ ಅಲ್ಲಿಯೂ ಕೆಲಸ ಮಾಡುತ್ತದೆ.

ಬಲೆಯನ್ನೇ ಬಿಚ್ಚುವ ದಾರಿಯೂ ಈಗ ತೆರೆದಿದೆ. 2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಎಪಾಕ್ಸಿಯ ಬಲೆಯೊಳಗಿನ ಎಸ್ಟರ್ ಬಂಧಗಳು ಶಾಖದಲ್ಲಿ ತಮ್ಮ ಜೊತೆಗಾರರನ್ನು ಬದಲಿಸಿಕೊಳ್ಳುವಂತೆ ಮಾಡಿದರು. ಬಂಧಗಳ ಒಟ್ಟು ಸಂಖ್ಯೆ ಕಡಿಮೆಯಾಗದೆಯೇ ಬಲೆ ನಿಧಾನವಾಗಿ ಹರಿಯುತ್ತದೆ, ಮತ್ತೆ ಅಚ್ಚಿಗೆ ಒಗ್ಗುತ್ತದೆ. ಇಂಥವನ್ನು ವಿಟ್ರಿಮರ್‌ಗಳೆನ್ನುತ್ತಾರೆ. ಗಾಳಿಯಂತ್ರದ ರೆಕ್ಕೆಗಳಂಥ ಬೃಹತ್ ವಸ್ತುಗಳ ತ್ಯಾಜ್ಯವನ್ನು ಎದುರಿಸುತ್ತಿರುವವರು ಈ ಸಂಶೋಧನೆಯನ್ನು ಆಸಕ್ತಿಯಿಂದ ನೋಡುತ್ತಿದ್ದಾರೆ. ನನಗೆ ಇದು ಮುಖ್ಯವಾದದ್ದು ಬೇರೆ ಕಾರಣಕ್ಕೆ. ಬಲಿತ ಅರಗಿನ ಬಲೆಯೂ ಎಸ್ಟರ್ ಬಂಧಗಳದ್ದೇ. ಎಸ್ಟರ್ ಬಂಧ ಕ್ಷಾರಕ್ಕೆ ಸೋಲುತ್ತದೆ. ಬೆಂಕಿಯೂ ಸ್ಪಿರಿಟ್ಟೂ ಹೇಳದ ಸತ್ಯವನ್ನು ಕ್ಷಾರ ಹೇಳಬಲ್ಲದು.

ಹಾಗೆಂದೇ ಮಣೆಯಿಂದ ಮತ್ತೊಂದು ಚೂರು ತೆಗೆದು, ಈ ಬಾರಿ ರಸಾಯನಶಾಸ್ತ್ರದ ಅಧ್ಯಾಪಕ ಮಿತ್ರರ ಎದುರಿನಲ್ಲಿ, ತೊಳೆಯುವ ಸೋಡಾದ ಬಿಸಿ ದ್ರಾವಣದಲ್ಲಿ ಹಾಕಿದೆವು. ಬಹಳ ಹೊತ್ತು ಏನೂ ಆಗಲಿಲ್ಲ. ಅನಂತರ ಚೂರಿನ ಅಂಚಿನಿಂದ ನೇರಳೆ ಬಣ್ಣ ನೀರಿಗೆ ಬಿಡತೊಡಗಿತು. ಅರಗಿನಲ್ಲಿ ಸಹಜವಾಗಿರುವ ವರ್ಣದ್ರವ್ಯ ಕ್ಷಾರದಲ್ಲಿ ಕೊಡುವ ಬಣ್ಣವದು. ಮರದ ರಾಳದಲ್ಲಿ ಅದಿಲ್ಲ. ಮರುದಿನದ ಹೊತ್ತಿಗೆ ಚೂರು ಕರಗಿ, ತಳದಲ್ಲಿ ಕೆಂಪು ಇಟ್ಟಿಗೆಯ ನುಣ್ಣನೆಯ ಪುಡಿ ಉಳಿದಿತ್ತು. ಅದು ಅರಗೇ ಆಗಿತ್ತು. ಊದುಗೊಳವೆಯ ಉರಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಒಡ್ಡಿಕೊಂಡು ತನ್ನ ಆಯುಷ್ಯವನ್ನು ಪೂರ್ತಿ ಕಳೆದ ಅರಗು.

ಇದರಿಂದ ಸಂಗ್ರಹಾಲಯಗಳಿಗೆ ಎರಡು ಸೂಚನೆಗಳನ್ನು ಮಂಡಿಸಬಹುದು. ಅರಗಿನ ವಸ್ತುವಿನ ವಿವರಣೆಯಲ್ಲಿ ಅದು ಕರಗುವ ಸ್ಥಿತಿಯಲ್ಲಿದೆಯೋ ಬಲಿತ ಸ್ಥಿತಿಯಲ್ಲಿದೆಯೋ, ಜೊತೆಗೆ ಬೆರೆತ ಪುಡಿ, ನಾರು, ಎಣ್ಣೆ ಯಾವುವು ಎಂಬುದನ್ನು ದಾಖಲಿಸಬೇಕು. ಏಕೆಂದರೆ ಬಲಿತ ಅರಗೇ ಆ ವಸ್ತು ಎಷ್ಟು ಕಾಲ ದುಡಿದಿದೆಯೆಂಬುದರ ದಾಖಲೆ. ಎರಡನೆಯದಾಗಿ, ಒಡೆದ ಅರಗಿನ ವಸ್ತುವನ್ನು ಕಾಸಿ ಅಂಟಿಸುವ, ಸ್ಪಿರಿಟ್ಟಿನಿಂದ ಒರೆಸುವ, ಸೋಡಾ ನೀರಿನಿಂದ ತೊಳೆಯುವ ರೂಢಿಗಳನ್ನು ಕೈಬಿಡಬೇಕು. ಕರಗುವ ಅರಗನ್ನು ಮೊದಲೆರಡು ಕೆಡಿಸುತ್ತವೆ, ಮೂರನೆಯದು ಎರಡು ಬಗೆಯನ್ನೂ ಕೆಡಿಸುತ್ತದೆ.

ಹಳೆಯ ಚೀಟಿಯನ್ನು ಕಿತ್ತುಹಾಕದೆ ಅದರ ಕೆಳಗೆ ಹೊಸದನ್ನು ಅಂಟಿಸಿದ್ದೇನೆ: 'ಅಕ್ಕಸಾಲಿಗರ ಅರಗಿನ ಮಣೆ. ಅರಗು, ಇಟ್ಟಿಗೆಯ ಪುಡಿ. ಮೇಲ್ಪದರ ಬಲಿತಿದೆ, ದೀರ್ಘ ಬಳಕೆ. ಹಿಂದಿನ ವಿವರಣೆ ಸಂಗ್ರಾಹಕನ ತಪ್ಪು.' ಅದರ ಒಂದು ಪ್ರತಿಯನ್ನು ಚೌಡಾಪುರದ ಆ ಮನೆಗೆ ಕೊಟ್ಟು ಬಂದೆ. ಮೊಮ್ಮಗ ಅದನ್ನು ಎರಡು ಬಾರಿ ಓದಿ, ಮಡಚಿ, ಅಜ್ಜನ ತಕ್ಕಡಿಯಿದ್ದ ಪೆಟ್ಟಿಗೆಯಲ್ಲಿ ಇಟ್ಟುಕೊಂಡ.